ಒಂದೇ ಪ್ಲಾಸ್ಟಿಕ್, ಊರಿಗೊಂದು ದಾರಿ: ಮರುಬಳಕೆ ಎಲ್ಲಿ ನಿಲ್ಲುತ್ತದೆ?

ಕಸವನ್ನು ಹಸಿ, ಒಣ ಎಂದು ಬೇರ್ಪಡಿಸಿ ಕೊಟ್ಟರೆ ಸಾಕು, ಮುಂದಿನದು ತಾನಾಗಿ ಮರುಬಳಕೆಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. ಮುಂದೇನಾಗುತ್ತದೆ ಎಂಬುದನ್ನು ಇನ್ನೂ ಮೂರು ಸಂಗತಿಗಳು ನಿರ್ಧರಿಸುತ್ತವೆ: ಆ ಊರಿಗೆ ಯಾವ ನಿಯಮ ಅನ್ವಯಿಸುತ್ತದೆ, ಸಾಗಣೆಯ ಖರ್ಚು ಯಾರದು, ಕೊಳ್ಳುವವರು ಎಷ್ಟು ದೂರದಲ್ಲಿದ್ದಾರೆ.

ವಿಜಯಪುರ ನಗರ ಮತ್ತು ಅದರಿಂದ ಸುಮಾರು 20–25 ಕಿ.ಮೀ. ದೂರದ ತಿಕೋಟಾ, ಬಬಲೇಶ್ವರಗಳನ್ನೇ ನೋಡೋಣ.

ನಿಯಮದಲ್ಲೇ ವ್ಯತ್ಯಾಸ

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮುಖ್ಯವಾಗಿ ನಗರ, ಪಟ್ಟಣಗಳನ್ನು ಗಮನದಲ್ಲಿಟ್ಟು ಬರೆದವು. ಅದೇ ವರ್ಷದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಮಾತ್ರ ಗ್ರಾಮ ಪಂಚಾಯಿತಿಗಳಿಗೂ ಹೊಣೆ ಹೊರಿಸಿದವು. 2013ರಲ್ಲಿ ಮಹಾನಗರ ಪಾಲಿಕೆಯಾದ ವಿಜಯಪುರಕ್ಕೆ ಆಸ್ತಿ ತೆರಿಗೆಯ ಆದಾಯವಿದೆ, ಪೌರಕಾರ್ಮಿಕರಿದ್ದಾರೆ, ಗುಜರಿ ವ್ಯಾಪಾರಿಗಳಿದ್ದಾರೆ. ಈ ಭಾಗದಲ್ಲಿ ಮೋಡಕಾದವರು ಎಂದು ಕರೆಯುವ ಇವರೇ ಕಬ್ಬಿಣ, ರಟ್ಟು, ನೀರಿನ ಬಾಟಲಿಗಳ ಮರುಬಳಕೆಯನ್ನು ನಿಯಮ ಬರುವ ಮೊದಲಿನಿಂದಲೂ ನಡೆಸಿಕೊಂಡು ಬಂದವರು.

ಹಳ್ಳಿಗಳಿಗೆ ಆಸರೆಯಾದದ್ದು ಸ್ವಚ್ಛ ಭಾರತ್ ಮಿಷನ್‌ನ (ಗ್ರಾಮೀಣ) ಎರಡನೇ ಹಂತ. 2020ರಲ್ಲಿ ಆರಂಭವಾದ ಈ ಹಂತದಲ್ಲಿ 5,000ದವರೆಗಿನ ಜನಸಂಖ್ಯೆಯ ಹಳ್ಳಿಗೆ ಘನತ್ಯಾಜ್ಯಕ್ಕಾಗಿ ತಲೆಗೆ ಗರಿಷ್ಠ 60 ರೂಪಾಯಿ ನಿಗದಿಯಾಯಿತು. ಅಂದರೆ 5,000 ಜನರ ಹಳ್ಳಿಗೆ 3 ಲಕ್ಷ ರೂಪಾಯಿ. ಇದರಲ್ಲಿ ಸೌಕರ್ಯ ಕಟ್ಟಿಕೊಳ್ಳಬಹುದು; ವರ್ಷವಿಡೀ ವಾಹನ ಓಡಿಸುವ ಖರ್ಚನ್ನು ಪಂಚಾಯಿತಿಯೇ ಹೊಂದಿಸಬೇಕು.

ದೂರದ ಲೆಕ್ಕ

ಖಾಲಿ ಪ್ಲಾಸ್ಟಿಕ್ ಜಾಗ ತಿನ್ನುತ್ತದೆ, ತೂಗುವುದಿಲ್ಲ. ಗಾಡಿ ತುಂಬಿದರೂ ತೂಕ ಕಡಿಮೆ. ಚಿಪ್ಸ್ ಪೊಟ್ಟಣದಂತಹ ಹಲವು ಪದರದ ಪ್ಲಾಸ್ಟಿಕ್‌ಗಂತೂ ಗುಜರಿಯಲ್ಲಿ ಬೆಲೆಯೇ ಇಲ್ಲ. ಆದ್ದರಿಂದ ಒಂದೊಂದು ಹಳ್ಳಿ ಒಂಟಿಯಾಗಿ ಮಾರಲು ಹೊರಟರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ. ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣಕಸವನ್ನು ಒಂದೇ ಘಟಕಕ್ಕೆ ತಂದು ವಿಂಗಡಿಸುವ ವ್ಯವಸ್ಥೆ ಮಾಡಿದ್ದು ಇದೇ ಕಾರಣಕ್ಕೆ. ಬಯಲುಸೀಮೆಯ ಊರುಗಳ ನಡುವಿನ ಅಂತರಕ್ಕೆ ತಕ್ಕಂತೆ ಆ ಮಾದರಿಯನ್ನು ಬದಲಿಸಿಕೊಳ್ಳಬೇಕಷ್ಟೆ.

ತೋಟದ ಕಸ ಯಾರ ಲೆಕ್ಕಕ್ಕೆ?

ತಿಕೋಟಾ ಭಾಗ ದ್ರಾಕ್ಷಿ, ಒಣದ್ರಾಕ್ಷಿಗೆ ಹೆಸರುವಾಸಿ. ಇಲ್ಲಿಯ ಪ್ಲಾಸ್ಟಿಕ್ ಮನೆಯಿಂದ ಮಾತ್ರವಲ್ಲ, ತೋಟದಿಂದಲೂ ಬರುತ್ತದೆ: ಹಳೆಯ ಡ್ರಿಪ್ ಪೈಪು, ಒಣದ್ರಾಕ್ಷಿ ಶೆಡ್ಡಿನ ಹರಿದ ನೆಟ್, ಔಷಧಿ ಡಬ್ಬಿ. ಡ್ರಿಪ್ ಪೈಪಿಗೆ ಗಿರಾಕಿ ಸಿಗಬಹುದು. ಡಬ್ಬಿಯ ಕಥೆ ಬೇರೆ. 1971ರ ಕೀಟನಾಶಕ ನಿಯಮಗಳು ಖಾಲಿ ಡಬ್ಬಿಯನ್ನು ಒಡೆದು ಜನವಸತಿಯಿಂದ ದೂರ ಹೂಳಲು ಹೇಳುತ್ತವೆ. ಪ್ಲಾಸ್ಟಿಕ್ ನಿಯಮಗಳು ಸಂಗ್ರಹಿಸಲು ಹೇಳುತ್ತವೆ. ಮನೆಮನೆಗೆ ಬರುವ ಕಸದ ಗಾಡಿ ತೋಟಕ್ಕೆ ಬರುವುದಿಲ್ಲ. ಕೊನೆಗೆ ಬದುವಿನ ಮೇಲೆ ಬೆಂಕಿ, ಇಲ್ಲವೇ ಗುಜರಿ. ಸುಟ್ಟರೆ ವಿಷದ ಹೊಗೆ. ಗುಜರಿಗೆ ಹೋದರೆ ವಿಷದ ಅಂಶವಿರುವ ಪ್ಲಾಸ್ಟಿಕ್ ಇನ್ನೊಂದು ವಸ್ತುವಾಗಿ ಮನೆಗೆ ಮರಳುವ ಅಪಾಯ. ಮರುಬಳಕೆಯೆಲ್ಲ ಒಳ್ಳೆಯದೇ ಎನ್ನುವಂತಿಲ್ಲ.

ಬಬಲೇಶ್ವರ ಭಾಗದಲ್ಲಿ ಕಬ್ಬು ಇದಕ್ಕೆ ವಿರುದ್ಧದ ಉದಾಹರಣೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಬಾಯ್ಲರಿಗೆ ಉರುವಲು, ಕಾಕಂಬಿ ಮದ್ಯಸಾರಕ್ಕೆ, ಮಡ್ಡಿ ಹೊಲಕ್ಕೆ ಗೊಬ್ಬರ. ಉಳಿಕೆ ಒಂದೇ ಕಡೆ ರಾಶಿಯಾಗಿ ಸಿಗುತ್ತದೆ, ಕೊಳ್ಳುವವರೂ ಇದ್ದಾರೆ. ವೃತ್ತಾಕಾರದ ಆರ್ಥಿಕತೆ ಎಂದರೆ ಇದೇ. ಅದು ನಡೆಯುತ್ತಿರುವುದು ಘೋಷಣೆಯಿಂದಲ್ಲ, ಲೆಕ್ಕ ಸರಿಹೋಗುವುದರಿಂದ.

ನಾವೇನು ಮಾಡಬಹುದು?

ಔಷಧಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಮಾಡಿ ಬೇರೆ ಚೀಲದಲ್ಲಿಡಬೇಕು. ಎಣ್ಣೆ, ನೀರಿಗೆ ಎಂದೂ ಬಳಸಬಾರದು. ದ್ರಾಕ್ಷಿಗೆ ಸಿಂಪರಣೆ ಹೆಚ್ಚುವುದು ಅಕ್ಟೋಬರ್ ಚಾಟನಿಯ ನಂತರ. ಆ ತಿಂಗಳುಗಳಲ್ಲಾದರೂ ನಿಗದಿತ ದಿನ, ನಿಗದಿತ ಜಾಗದಲ್ಲಿ ಡಬ್ಬಿ ಸಂಗ್ರಹಿಸಬೇಕೆಂದು ಗ್ರಾಮಸಭೆಯಲ್ಲಿ ಕೇಳಬಹುದು. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ನಮ್ಮೂರ ಒಣಕಸವನ್ನು ಕೊನೆಗೆ ಕೊಳ್ಳುವವರು ಯಾರು? ಇದಕ್ಕೆ ಉತ್ತರವಿಲ್ಲದ ಊರಿನಲ್ಲಿ ಎಷ್ಟು ಬಣ್ಣದ ಬುಟ್ಟಿ ಹಂಚಿದರೂ ಕಸ ಕೊನೆಗೆ ಒಂದೇ ಗುಂಡಿ ಸೇರುತ್ತದೆ.