‘ಮರೆವಿನ ಚಿಂತೆ ಇದ್ದರೆ ಅಲ್ಝೈಮರ್ ಇಲ್ಲ’ ಎಂಬ ಫಾರ್ವರ್ಡ್: ಎಷ್ಟು ನಿಜ?

ಹಿರಿಯರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಸಂದೇಶ ಆಗಾಗ ತಿರುಗಿ ಬರುತ್ತದೆ. ಫ್ರಾನ್ಸಿನ ಪ್ರೊಫೆಸರ್ ಒಬ್ಬರ ಹೆಸರಿನಲ್ಲಿರುವ ಅದರ ಸಾರ ಇಷ್ಟು: ತನಗೆ ಮರೆವಾಗುತ್ತಿದೆ ಎಂದು ಗೊತ್ತಿರುವವರಿಗೆ ಅಲ್ಝೈಮರ್ ಕಾಯಿಲೆ ಇರುವುದಿಲ್ಲ. ಜೊತೆಗೊಂದು ‘ಪರೀಕ್ಷೆ’ ಇರುತ್ತದೆ. ಇಂಗ್ಲಿಷಿನ ‘ಓ’ ಅಕ್ಷರಗಳ ನಡುವೆ ಅಡಗಿರುವ ‘ಸಿ’ಯನ್ನೂ, 9ರ ಸಾಲಿನಲ್ಲಿರುವ 6ನ್ನೂ ಹುಡುಕಬೇಕು. ಸಿಕ್ಕಿತೋ, ನರರೋಗ ತಜ್ಞರ ಬಳಿ ಹೋಗಬೇಕಿಲ್ಲವಂತೆ! ಓದಿದವರಿಗೆ ಸಮಾಧಾನವಾಗುತ್ತದೆ, ಕೂಡಲೇ ಹಂಚುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಅರ್ಧ ನಿಜ, ಅರ್ಧ ಅಪಾಯ

ವಯಸ್ಸಾದಂತೆ ಹೆಸರುಗಳು ಬಾಯಿತುದಿಗೆ ಬಂದು ನಿಲ್ಲುವುದು ಸಹಜ. ಕಾಯಿಲೆ ಮುಂದುವರಿದವರಲ್ಲಿ ಅನೇಕರಿಗೆ ತಮ್ಮ ಮರೆವಿನ ಅರಿವೇ ಇರುವುದಿಲ್ಲ ಎಂಬುದೂ ನಿಜ. ಆದರೆ ಆರಂಭದ ಹಂತದಲ್ಲಿ ‘ಏನೋ ಸರಿಯಿಲ್ಲ’ ಎಂದು ಎಷ್ಟೋ ಜನ ತಾವೇ ಗುರುತಿಸುತ್ತಾರೆ. ಆದ್ದರಿಂದ ಚಿಂತೆ ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ.

ಇನ್ನು ಆ ಅಕ್ಷರದಾಟ ಅಳೆಯುವುದು ಕಣ್ಣು ಮತ್ತು ಗಮನವನ್ನು, ನೆನಪನ್ನಲ್ಲ. ಶಾಲೆಗೇ ಹೋಗದ ಅಜ್ಜಿ ಅದರಲ್ಲಿ ಸೋತರೆ ಅವರ ಮಿದುಳಿಗೆ ಏನೋ ಆಗಿದೆ ಎಂದರ್ಥವಲ್ಲ.

ಹಾಗಾದರೆ ಏನನ್ನು ಗಮನಿಸಬೇಕು?

ಬಾದಾಮಿ ಹತ್ತಿರದ ಚೊಳಚಗುಡ್ಡದ ಬನಶಂಕರಿ ಗುಡಿಗೆ ಹೋದವರು, ಅಲ್ಲಿ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ತಂದು ಮಾರುವ ಹೆಣ್ಣುಮಕ್ಕಳನ್ನು ನೋಡಿರುತ್ತೀರಿ. ಅಂಥ ಒಬ್ಬ ಅಜ್ಜಿ ಕಳೆದ ಜಾತ್ರೆಯಲ್ಲಿ ನೋಡಿದ ನಾಟಕದ ಹೆಸರು ಮರೆತು, ಸಂಜೆ ನೆನಪು ಮಾಡಿಕೊಂಡರೆ ಹೆದರಬೇಕಿಲ್ಲ. ಆದರೆ ವರ್ಷಗಟ್ಟಲೆ ಲೀಲಾಜಾಲವಾಗಿ ಕೊಡುತ್ತಿದ್ದ ಚಿಲ್ಲರೆಯ ಲೆಕ್ಕ ತಪ್ಪತೊಡಗಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ದಿನವೂ ನಡೆಯುವ ದಾರಿಯಲ್ಲೇ ದಿಕ್ಕು ತಪ್ಪಿದರೆ ವೈದ್ಯರಿಗೆ ತೋರಿಸಬೇಕು. ಏನನ್ನು ಮರೆತರು ಎಂಬುದಕ್ಕಿಂತ, ಮೊದಲು ಮಾಡುತ್ತಿದ್ದ ದಿನದ ಕೆಲಸ ಈಗ ಕೆಡುತ್ತಿದೆಯೇ ಎಂಬುದು ಮುಖ್ಯ. ಇದನ್ನು ಹೇಳಬಲ್ಲವರು ಜೊತೆಯಲ್ಲಿರುವ ಮನೆಯವರು.

‘ಅರವತ್ತಕ್ಕೆ ಅರಳು ಮರಳು’ ಎಂದು ಬಿಡಬೇಡಿ

ಫಾರ್ವರ್ಡಿನಷ್ಟೇ ಹಾನಿಯನ್ನು ಈ ಗಾದೆಯೂ ಮಾಡುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಶಿಯಾ ಇರುವವರು ಶೇ. 7.4. ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಅದು ಇಲ್ಲ. ಮರೆವು ಮುಪ್ಪಿನ ಹಣೆಬರಹವಲ್ಲ.

ಮರೆವಿನ ಹಿಂದೆ ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ದೆ ಮಾತ್ರೆಯ ಪರಿಣಾಮ ಇರಬಹುದು. ಇವುಗಳಿಗೆ ಚಿಕಿತ್ಸೆ ಇದೆ, ಕೆಲವಕ್ಕೆ ಸಾಮಾನ್ಯ ರಕ್ತಪರೀಕ್ಷೆಯೇ ಸಾಕು. ಕಿವಿ ಮಂದವಾದವರು ಮಾತು ಸರಿಯಾಗಿ ಕೇಳಿಸದೆ ‘ಮರೆತರು’ ಎನಿಸಿಕೊಳ್ಳುವುದೂ ಉಂಟು. ಅಲ್ಝೈಮರ್ ಆಗಿದ್ದರೆ ಪೂರ್ತಿ ವಾಸಿ ಮಾಡುವ ಔಷಧ ಇಲ್ಲ. ಆದರೂ ಬೇಗ ತಿಳಿದರೆ ಲಕ್ಷಣ ಹಗುರಾಗಿಸುವ ಔಷಧಿ ಸಿಗುತ್ತದೆ, ಹೊಲ-ಮನೆ ಮತ್ತು ಹಣದ ವ್ಯವಹಾರವನ್ನು ಹಿರಿಯರೇ ತಮ್ಮ ಇಷ್ಟದಂತೆ ತೀರ್ಮಾನಿಸಬಹುದು.

ಒಂದು ಎಚ್ಚರಿಕೆ: ಗೊಂದಲ ಕೆಲವೇ ಗಂಟೆ ಅಥವಾ ಒಂದೆರಡು ದಿನಗಳಲ್ಲಿ ದಿಢೀರನೆ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಕಾಯಬೇಡಿ. ಅದು ಪಾರ್ಶ್ವವಾಯು, ಸೋಂಕು ಅಥವಾ ಸಕ್ಕರೆ ಇಳಿದಿರುವುದು ಇರಬಹುದು. 108ಕ್ಕೆ ಕರೆ ಮಾಡಿ.

ಎಲ್ಲಿಗೆ ಹೋಗಬೇಕು?

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಿಂದ ಆರಂಭಿಸಿ. ಬೇಕಾದರೆ ಅವರೇ ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಇಂಥ ತೊಂದರೆಗಳಿಗಾಗಿಯೇ ಇದೆ. ಹೋಗುವಾಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416.

ಆ ಸಂದೇಶ ಮತ್ತೆ ನಿಮ್ಮ ಮೊಬೈಲಿಗೆ ಬಂದರೆ ಹಂಚಬೇಡಿ. ಅದನ್ನು ಕಳಿಸಿದ ಹಿರಿಯರಿಗೆ ಒಂದು ಫೋನ್ ಮಾಡಿ. ಮರೆವಿನ ಚಿಂತೆ ಅವರಿಗೇ ಇರಬಹುದು.