ಬೇಸ್ ಗಿಟಾರಿನ ಒಡಲು

ಬೇಸ್ ಗಿಟಾರ್ ನುಡಿಸುವ ಮಕ್ಕಳಿರುವ ಮನೆಗಳಲ್ಲಿ, ಹಿರಿಯರು ವಾದ್ಯಕ್ಕೆ ಹಣ ತೆತ್ತು ನಿಟ್ಟುಸಿರು ಬಿಡುವಷ್ಟರಲ್ಲಿಯೇ ಎರಡನೆಯ ಬೇಡಿಕೆ ಎದ್ದು ನಿಲ್ಲುತ್ತದೆ: ಆಂಪ್ಲಿಫೈಯರ್ ಬೇಕು, ಸ್ಪೀಕರ್ ಪೆಟ್ಟಿಗೆ ಬೇಕು. ವಾದ್ಯಕ್ಕಿಂತ ಪೆಟ್ಟಿಗೆಯ ಬೆಲೆಯೇ ಹೆಚ್ಚಾಯಿತಲ್ಲ ಎಂದು ಅವರು ಗೊಣಗುವುದು ಸಹಜವೇ. ಆದರೂ ಈ ವಿಷಯವನ್ನು ತುಸು ವಿವರವಾಗಿ ಹೇಳಬೇಕೆಂದು ನಮಗೆ ತೋರಿದೆ. ಏಕೆಂದರೆ ಇಲ್ಲಿ ಎಡವಿದರೆ ಹೋಗುವುದು ಹಣ ಮಾತ್ರವಲ್ಲ. ಕೆಲವೊಮ್ಮೆ ಪ್ರಾಣಕ್ಕೂ ಅಪಾಯವುಂಟು.

ತಂಬೂರಿಗೆ ಬುರುಡೆಯುಂಟು, ವೀಣೆಗೆ ಕುಡವುಂಟು. ಪಾಶ್ಚಾತ್ಯರ ಡಬಲ್ ಬೇಸಿಗೆ ಆಳೆತ್ತರದ ಪೊಳ್ಳು ಒಡಲುಂಟು. ಬೇಸ್ ಗಿಟಾರಿಗೆ ಅಂಥದೇನೂ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಪಟ್ಟಣದಲ್ಲಿ ಲಿಯೋ ಫೆಂಡರ್ ಅವರು 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್ ಒಂದು ಗಟ್ಟಿ ಮರದ ಹಲಗೆ. ಅದರ ನಾದ ಕೋಣೆಯ ಆಚೆಗೂ ಕೇಳಿಸಬೇಕಾದರೆ ಒಡಲನ್ನು ಹೊರಗಿನಿಂದ ತರಬೇಕು. ಆದುದರಿಂದಲೇ ಅವರು ಮರುವರ್ಷ, 1952ರಲ್ಲಿ, ಹದಿನೈದು ಅಂಗುಲದ ಸ್ಪೀಕರುಳ್ಳ ಬೇಸ್‌ಮನ್ ಎಂಬ ಆಂಪ್ಲಿಫೈಯರನ್ನೂ ಹೊರತಂದರು. ಪೆಟ್ಟಿಗೆಯೆಂಬುದು ಈ ವಾದ್ಯಕ್ಕೆ ಒಡವೆಯಲ್ಲ, ಅರ್ಧಾಂಗ.

ಬೇಸ್ ಗಿಟಾರಿನ ಅತಿ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಆ ನಾದದ ಒಂದೊಂದು ಅಲೆಯೂ ಗಾಳಿಯಲ್ಲಿ ಎಂಟು ಮೀಟರಿಗೂ ಹೆಚ್ಚು ಉದ್ದ. ಇಷ್ಟು ದೊಡ್ಡ ಅಲೆಯನ್ನೆಬ್ಬಿಸಲು ಬಹಳ ಗಾಳಿಯನ್ನು ತಳ್ಳಬೇಕು. ಸ್ಪೀಕರಿನ ಕೋನ್ ಮುಂದಕ್ಕೆ ಗಾಳಿಯನ್ನು ತಳ್ಳುವಾಗ ಹಿಂದಿನ ಗಾಳಿಯನ್ನು ಎಳೆಯುತ್ತದೆ. ನೀಳವಾದ ಅಲೆಗಳು ಅಂಚನ್ನು ಬಳಸಿ ಬಂದು ಒಂದನ್ನೊಂದು ನುಂಗಿಹಾಕುತ್ತವೆ. ಇವೆರಡರ ನಡುವೆ ಗೋಡೆಯಾಗಿ ನಿಲ್ಲುವುದೇ ಪೆಟ್ಟಿಗೆಯ ಕೆಲಸ. ವಿನೋದವೆಂದರೆ, ಮುಂದೆ ಬಂದ ಬೇಸ್‌ಮನ್ನಿನ ನಾಲ್ಕು ಸ್ಪೀಕರುಗಳ ಮಾದರಿಯು ಹಿಂಬದಿ ತೆರೆದದ್ದಾಗಿದ್ದು, ಬೇಸಿನವರಿಗಿಂತ ಗಿಟಾರಿನವರಿಗೇ ಹೆಚ್ಚು ಪ್ರಿಯವಾಯಿತು. ಲಂಡನ್ನಿನ ಜಿಮ್ ಮಾರ್ಷಲ್ ಅವರು 1960ರ ದಶಕದ ಆರಂಭದಲ್ಲಿ ತಮ್ಮ ಮೊದಲ ಆಂಪ್ಲಿಫೈಯರಿಗೆ ಅದನ್ನೇ ಮಾದರಿಯಾಗಿಟ್ಟುಕೊಂಡರು.

ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ "ಎಷ್ಟು ವ್ಯಾಟ್?" ಎಂಬುದು. ಇದು ಎರಡನೆಯ ಪ್ರಶ್ನೆಯಾಗಿರಬೇಕೆಂಬುದು ನಮ್ಮ ಮತ. ವ್ಯಾಟ್ ಇಮ್ಮಡಿಯಾದರೆ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಅದು ಅಲ್ಪವೇ. ಅದೇ ಆಂಪ್ಲಿಫೈಯರಿಗೆ ಇನ್ನೂ ಒಳ್ಳೆಯ, ಇನ್ನೂ ದೊಡ್ಡ ಪೆಟ್ಟಿಗೆ ಸಿಕ್ಕಿದರೆ ಅದಕ್ಕಿಂತ ಮಿಗಿಲಾದ ಫಲ ದೊರೆಯುವುದುಂಟು. 1969ರಲ್ಲಿ ಆಂಪೆಗ್ ಸಂಸ್ಥೆ ಹೊರತಂದ 300 ವ್ಯಾಟಿನ ಎಸ್‌ವಿಟಿಯ ಕೀರ್ತಿಯಲ್ಲಿ ಅರ್ಧ ಪಾಲು, ಹತ್ತು ಅಂಗುಲದ ಎಂಟು ಸ್ಪೀಕರುಗಳಿದ್ದ ಅದರ ಮುಚ್ಚಿದ ಪೆಟ್ಟಿಗೆಗೆ ಸಲ್ಲಬೇಕು. ಅದನ್ನು ಮಹಡಿಯ ಮೇಲೆ ಸಾಗಿಸಲು ಇಬ್ಬರು ಗಟ್ಟಿಗರು ಬೇಕು ಎಂಬುದು ಬೇರೆ ಮಾತು. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಅದರ ಗೊಡವೆ ಬೇಡ. ಹತ್ತು ಅಥವಾ ಹನ್ನೆರಡು ಅಂಗುಲದ ಒಂದು ಸ್ಪೀಕರುಳ್ಳ, ಎರಡೂ ಒಂದರಲ್ಲೇ ಸೇರಿರುವ ಕಾಂಬೋ ಸಾಕು.

ಆಂಪ್ಲಿಫೈಯರ್ ಮತ್ತು ಪೆಟ್ಟಿಗೆಗಳನ್ನು ಬೇರೆ ಬೇರೆಯಾಗಿ ಕೊಳ್ಳುವವರು ಓಮ್ ಎಂಬ ಅಂಕಿಯನ್ನು ಓದದೆ ಮುಂದಡಿ ಇಡಬಾರದು. ಎಂಟು ಓಮಿನ ಎರಡು ಪೆಟ್ಟಿಗೆಗಳನ್ನು ಸಾಮಾನ್ಯ ರೀತಿಯಲ್ಲಿ ಜೋಡಿಸಿದಾಗ ಆಂಪ್ಲಿಫೈಯರಿಗೆ ಅವು ಹದಿನಾರಲ್ಲ, ನಾಲ್ಕು ಓಮ್ ಆಗಿ ತೋರುತ್ತವೆ. ನಾಲ್ಕರ ಎರಡು ಪೆಟ್ಟಿಗೆಗಳು ಎರಡಾಗುತ್ತವೆ. "ಕನಿಷ್ಠ 4 ಓಮ್" ಎಂದು ಹಿಂಬದಿಯಲ್ಲಿ ಬರೆದಿರುವ ಯಂತ್ರಕ್ಕೆ ಎರಡು ಓಮಿನ ಭಾರ ಹೊರಿಸಿದರೆ ಅದು ಕಾದು ನಿಂತೀತು, ಇಲ್ಲವೇ ಸುಟ್ಟೀತು. ವಾಲ್ವಿನ ಆಂಪ್ಲಿಫೈಯರುಗಳ ನಿಯಮ ಇನ್ನೂ ಕಠಿಣ: ಪೆಟ್ಟಿಗೆ ಜೋಡಿಸದೆ ಅವನ್ನು ನುಡಿಸಲೇಬಾರದು, ನುಡಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಹಾಳಾಗುವ ಸಂಭವವಿದೆ. ವಾದ್ಯದಿಂದ ಆಂಪ್ಲಿಫೈಯರಿಗೆ ಬರುವ ತಂತಿಯೂ ಪೆಟ್ಟಿಗೆಗೆ ಹೋಗುವ ತಂತಿಯೂ ನೋಡಲು ಒಂದೇ ತೆರನಾಗಿರುವುದುಂಟು. ಮೊದಲನೆಯದರ ಒಳಗಿನ ಎಳೆ ಬಲು ತೆಳು. ಪೆಟ್ಟಿಗೆಯ ಹೊರೆಯನ್ನು ಅದರ ಮೇಲೆ ಹಾಕಬಾರದು.

ಅಮೆರಿಕದಲ್ಲಿರುವ ನಂಟರು ಊರಿಗೆ ಬರುವಾಗ ಇಂಥ ಯಂತ್ರವನ್ನು ಹೊತ್ತು ತಂದರೆ, ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಮುನ್ನ ಹಿಂಬದಿಯ ಫಲಕವನ್ನು ಓದಬೇಕು. ಅಲ್ಲಿನ ವಿದ್ಯುತ್ತು 120 ವೋಲ್ಟ್, ನಮ್ಮಲ್ಲಿಯದು 230. ಈಚಿನ ಹಗುರ ಯಂತ್ರಗಳಲ್ಲಿ ಹಲವು ಎರಡಕ್ಕೂ ಒಗ್ಗುತ್ತವೆ, ಎಲ್ಲವೂ ಅಲ್ಲ. ಒಗ್ಗದವಕ್ಕೆ ತಕ್ಕ ಸಾಮರ್ಥ್ಯದ ಇಳಿಕೆಯ ಟ್ರಾನ್ಸ್‌ಫಾರ್ಮರ್ ಬೇಕು. ಗುಂಯ್ಗುಡುವ ಸದ್ದು ನಿಲ್ಲಲೆಂದು ಪ್ಲಗ್ಗಿನ ಅರ್ಥ್ ಕಡ್ಡಿಯನ್ನು ಕಿತ್ತುಹಾಕುವ ಕೆಲವರ ಜಾಣತನವನ್ನು ನಾವು ಖಂಡಿಸುತ್ತೇವೆ. ನುಡಿಸುವವನ ಬೆರಳು ಲೋಹದ ತಂತಿಯ ಮೇಲೆಯೇ ಇರುತ್ತದೆ ಎಂಬುದನ್ನು ಅವರು ನೆನೆಯಲಿ. ಹಾಗೆಯೇ ವಾಲ್ವಿನ ಯಂತ್ರದ ಒಳಗೆ, ಪ್ಲಗ್ಗು ತೆಗೆದ ಮೇಲೆಯೂ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಲ್ಲುದು. ಅದನ್ನು ಬಿಚ್ಚುವುದು ಬಲ್ಲ ಕುಶಲಿಗಳ ಕೆಲಸ. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಅಳತೆಯದನ್ನೇ ಹಾಕಬೇಕು.

ಹಳೆಯ ಪೆಟ್ಟಿಗೆ ಕೊಳ್ಳುವವರು ದಪ್ಪ ತಂತಿಯನ್ನು ಮೆಲ್ಲಗೆ ಮೀಟಿ, ಒಂದೊಂದೇ ಮನೆ ಮೇಲೇರುತ್ತ ಆಲಿಸಬೇಕು. ಯಾವುದೋ ಒಂದು ಸ್ವರದಲ್ಲಿ ಮಾತ್ರ ಝರಝರ ಸದ್ದು ಬಂದರೆ ಅದು ಸಡಿಲ ಸ್ಕ್ರೂವಿನದೂ ಇರಬಹುದು, ಹರಿದ ಕೋನಿನದೂ ಇರಬಹುದು. ಸ್ಕ್ರೂ ಬಿಗಿ ಮಾಡಿ ನೋಡದೆ ಬೆಲೆ ಮಾತನಾಡಬೇಡಿ. ಹೊಟ್ಟು ಒತ್ತಿ ಮಾಡಿದ ಹಲಗೆಯದಾದರೆ ಕೆಳಮೂಲೆಗಳನ್ನು ಮುಟ್ಟಿ ನೋಡಿ. ನೀರುಂಡ ಹಲಗೆ ಅಲ್ಲಿ ಉಬ್ಬಿರುತ್ತದೆ. ಪ್ಲೈವುಡ್ಡಿನದು ತಾಳಿಕೆಯುಳ್ಳದ್ದು. ಮಳೆಗಾಲದಲ್ಲಿ ನೆಲದ ತೇವ ತಾಗದಂತೆ ಪೆಟ್ಟಿಗೆಯನ್ನು ಮಣೆಯ ಮೇಲಿಡಿ. ನುಡಿಸುವುದು ಮುಗಿದು ಯಂತ್ರ ತಣಿದ ಮೇಲೆ ಹತ್ತಿಬಟ್ಟೆಯ ಹೊದಿಕೆ ಹಾಕಿ, ಅದಕ್ಕೂ ಮೊದಲಲ್ಲ.