ಮೂವತ್ತರಲ್ಲಿ ಮತ್ತೆ ರಸಾಯನಶಾಸ್ತ್ರ

ಅಮೆರಿಕದಲ್ಲಿ ಡಾಕ್ಟರಾಗಬೇಕೆಂದರೆ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ ಮುಗಿಸಬೇಕು. ಅದು ಇತಿಹಾಸದಲ್ಲಿರಲಿ, ಸಂಗೀತದಲ್ಲಿರಲಿ, ಅಡ್ಡಿಯಿಲ್ಲ. ಆದರೆ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಲ್ಯಾಬ್ ಸಮೇತ ಒಂದೊಂದು ವರ್ಷ ಓದಿರಬೇಕೆಂದು ಬಹಳಷ್ಟು ಮೆಡಿಕಲ್ ಕಾಲೇಜುಗಳು ಕೇಳುತ್ತವೆ. ಓದುವ ಕಾಲದಲ್ಲಿ ಇವುಗಳ ಗೊಡವೆಗೇ ಹೋಗದೆ, ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಕೆಲಸಕ್ಕೆ ಸೇರಿ, ಮೂವತ್ತರ ಹೊತ್ತಿಗೆ ತಮ್ಮ ದಾರಿ ವೈದ್ಯವೃತ್ತಿ ಎಂದು ಮನಗಂಡವರು ಏನು ಮಾಡಬೇಕು? ಅವರಿಗಾಗಿಯೇ ಇರುವುದು ಪ್ರೀಮೆಡಿಕಲ್ ಪೋಸ್ಟ್ ಬ್ಯಾಕಲೋರಿಯೇಟ್ ಕೋರ್ಸು; ಬಳಕೆಯ ಮಾತಿನಲ್ಲಿ ಪೋಸ್ಟ್‌ಬ್ಯಾಕ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಇದನ್ನು 1955ರಲ್ಲೇ ಆರಂಭಿಸಿತು. ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಕಾಲೇಜಿನಲ್ಲಿ ಅದು 1972ರಲ್ಲಿ ಬಂತು.

ವಿಜ್ಞಾನದ ಬುನಾದಿಗೆ ಅಮೆರಿಕದಲ್ಲಿ ಇಷ್ಟು ಒತ್ತು ಬಂದದ್ದರ ಹಿಂದೆ 1910ರ ಫ್ಲೆಕ್ಸ್‌ನರ್ ವರದಿ ಇದೆ. ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ವೈದ್ಯಶಾಲೆಗಳ ಸ್ಥಿತಿಗತಿ ಪರಿಶೀಲಿಸಿ, ಶುಲ್ಕ ಕಟ್ಟಿದವರನ್ನೆಲ್ಲ ಸೇರಿಸಿಕೊಳ್ಳುವ ಪದ್ಧತಿಯನ್ನು ಬಯಲಿಗೆಳೆದರು. ಅವರು ವೈದ್ಯರಲ್ಲ, ಶಾಲೆ ನಡೆಸಿದ್ದ ಮೇಷ್ಟ್ರು. ವೈದ್ಯಶಿಕ್ಷಣವನ್ನು ತಿದ್ದಿದ್ದು ಹೊರಗಿನವರೊಬ್ಬರ ಕಣ್ಣು ಎಂಬುದನ್ನು, ಬೇರೆ ಕ್ಷೇತ್ರದಿಂದ ಬರುವವರನ್ನು ಅನುಮಾನದಿಂದ ನೋಡುವವರು ನೆನಪಿಡಬೇಕು.

ಹೆಸರಾಂತ ಪೋಸ್ಟ್‌ಬ್ಯಾಕ್‌ಗಳಿಗೆ ಪ್ರವೇಶ ಸುಲಭವಲ್ಲ. ಪದವಿಯ ಅಂಕಗಳು ಚೆನ್ನಾಗಿರಬೇಕು, ಶಿಫಾರಸು ಪತ್ರಗಳು ಬೇಕು, ಪ್ರಬಂಧ ಬರೆಯಬೇಕು. ಇವೆಲ್ಲದರ ಒಳಗೆ ಆಯ್ಕೆ ಸಮಿತಿ ಹುಡುಕುವ ಉತ್ತರ ಒಂದೇ: ವೈದ್ಯವೃತ್ತಿಯೇ ಏಕೆ, ಈಗಲೇ ಏಕೆ? ಮಾತಿನ ಚಮತ್ಕಾರದಿಂದ ಇದಕ್ಕೆ ಉತ್ತರ ಕೊಡಲಾಗದು. ಆಸ್ಪತ್ರೆಯಲ್ಲಿ ಸ್ವಯಂಸೇವಕರಾಗಿ ದುಡಿದಿರಬೇಕು, ವೈದ್ಯರ ಹಿಂದೆ ನಿಂತು ಅವರ ದಿನಚರಿ ನೋಡಿರಬೇಕು, ಆಂಬುಲೆನ್ಸಿನಲ್ಲೋ, ಸಾವಿನಂಚಿನ ರೋಗಿಗಳನ್ನು ಆರೈಕೆ ಮಾಡುವ ಹಾಸ್ಪಿಸ್‌ನಲ್ಲೋ ನೋವಿನ ಹತ್ತಿರ ಕುಳಿತಿರಬೇಕು. ಹಾಗೆ ಕುಳಿತ ಮೇಲೂ ಆಸೆ ಉಳಿದರೆ ಅದು ನಂಬಬಹುದಾದ ಆಸೆ. ಹಳೆಯ ಕೆಲಸದ ಬೇಸರ ವೈದ್ಯನಾಗಲು ಸಾಕಾದ ಕಾರಣವಲ್ಲ. ಈ ಪರೀಕ್ಷೆ ಕಠಿಣ, ಆದರೆ ನ್ಯಾಯವಾದದ್ದು.

ಹಳೆಯ ವೃತ್ತಿಯ ವರ್ಷಗಳು ದಂಡವಾದವು ಎಂಬ ಕೊರಗು ಹಲವರಿಗೆ ಇರುತ್ತದೆ. ಅವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಅವರ ಬದುಕನ್ನು ನೋಡಬೇಕು. ಆಕೆ ಮೊದಲು ನರ್ಸ್. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯಲ್ಲೇ ಸಮಾಜ ಕಾರ್ಯಕರ್ತೆಯಾದರು. ಸಾಯುತ್ತಿರುವವರ ಯಾತನೆಯನ್ನು ಎರಡೂ ಕೆಲಸಗಳಲ್ಲಿ ಹತ್ತಿರದಿಂದ ಕಂಡರು. ಅಂಥವರಿಗೆ ನೆರವಾಗಬೇಕಾದರೆ ವೈದ್ಯೆಯೇ ಆಗು ಎಂದು ಶಸ್ತ್ರವೈದ್ಯರೊಬ್ಬರು ಹೇಳಿದಾಗ, ಮೂವತ್ತು ದಾಟಿದ ಮೇಲೆ ವೈದ್ಯಶಾಲೆಗೆ ಸೇರಿ 1957ರಲ್ಲಿ ತೇರ್ಗಡೆಯಾದರು. ನೋವು ಮರುಕಳಿಸುವವರೆಗೆ ಕಾಯದೆ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡುವ ಕ್ರಮವನ್ನು ಬೆಳೆಸಿದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಇಂದು ಬೆಂಗಳೂರಿನ ಕರುಣಾಶ್ರಯದಲ್ಲಿ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಸಿಗುವ ಆರೈಕೆಯೂ ಅಲ್ಲಿಂದ ಬೆಳೆದ ಹಾಸ್ಪಿಸ್ ಚಳವಳಿಯ ಪರಂಪರೆಯದೇ. ಇದಕ್ಕೆಲ್ಲ ಮೂಲ, ಆಕೆ ವೈದ್ಯೆಯಾಗುವ ಮೊದಲು ಕಂಡದ್ದು.

ದಾರಿ ಮಾತ್ರ ಉದ್ದದ್ದು. ಕೋರ್ಸಿಗೆ ಒಂದರಿಂದ ಎರಡು ವರ್ಷ, ಜೊತೆಗೆ ಎಂಕ್ಯಾಟ್ ಪ್ರವೇಶ ಪರೀಕ್ಷೆ, ಅರ್ಜಿ ಹಾಕಿ ಕಾಯುವುದಕ್ಕೆ ಸಾಮಾನ್ಯವಾಗಿ ಇನ್ನೊಂದು ವರ್ಷ. ಪೋಸ್ಟ್‌ಬ್ಯಾಕ್ ಜೊತೆ ಲಿಂಕೇಜ್ ಎಂಬ ನೇರ ಪ್ರವೇಶದ ಒಪ್ಪಂದವಿರುವ ಮೆಡಿಕಲ್ ಕಾಲೇಜಿಗೆ ಆಯ್ಕೆಯಾದರೆ ಆ ಒಂದು ವರ್ಷ ಉಳಿಯುತ್ತದೆ. ಬಳಿಕ ನಾಲ್ಕು ವರ್ಷ ಓದು, ಮೂರರಿಂದ ಏಳು ವರ್ಷ ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿ. ಮೂವತ್ತಕ್ಕೆ ಹೊರಟವರು ಸ್ವತಂತ್ರ ವೈದ್ಯರಾಗುವಾಗ ನಲವತ್ತರ ಆಸುಪಾಸು. ಸಂಬಳ ಬಿಟ್ಟು ಹಗಲಿಡೀ ಲ್ಯಾಬಿನಲ್ಲಿರಬೇಕು, ಶುಲ್ಕವೋ ಹತ್ತಾರು ಸಾವಿರ ಡಾಲರ್. ಆಸ್ತಿಯಿಲ್ಲದವರ ಮಕ್ಕಳನ್ನು ಈ ಲೆಕ್ಕವೇ ತಡೆದು ನಿಲ್ಲಿಸುತ್ತದೆ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಅಥವಾ ಹಾರ್ವರ್ಡ್ ಎಕ್ಸ್‌ಟೆನ್ಶನ್ ಶಾಲೆಯ ಸಂಜೆ ತರಗತಿಗಳಲ್ಲಿ ಅದೇ ವಿಷಯಗಳನ್ನು ಕಡಿಮೆ ಖರ್ಚಿನಲ್ಲಿ ಓದಬಹುದು. ದೊಡ್ಡ ಹೆಸರಿಗಿಂತ ಈ ದಾರಿಗೆ ಹೆಚ್ಚಿನ ನೆರವು ಸಿಗಬೇಕು.

ನಮ್ಮಲ್ಲಿ ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲೇ ಪಿಸಿಎಂಬಿಯೋ ಕಾಮರ್ಸೋ ಎಂದು ಬದುಕು ನಿರ್ಧಾರವಾಗಿಬಿಡುತ್ತದೆ. ಕಾನೂನು ಸ್ವಲ್ಪ ಸಡಿಲಗೊಂಡಿದೆ. ನೀಟ್‌ನ ಗರಿಷ್ಠ ವಯೋಮಿತಿ 2022ರಲ್ಲಿ ಹೋಯಿತು. ಹನ್ನೆರಡನೇ ತರಗತಿಯ ನಂತರ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ಅರ್ಹರೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಹೇಳಿತು. ಆದರೆ ಚಿಲಕ ತೆಗೆದ ಮಾತ್ರಕ್ಕೆ ಹೊಸಬರು ಒಳಗೆ ಬರುವುದಿಲ್ಲ. ದುಡಿಯುವ ವಯಸ್ಕರಿಗೆ ಸಂಜೆ ಹೊತ್ತು ಲ್ಯಾಬ್ ಸಮೇತ ವಿಜ್ಞಾನ ಕಲಿಸುವ ಕೆಲಸವನ್ನು ನಮ್ಮ ಸರ್ಕಾರಿ ಕಾಲೇಜುಗಳು ಕೈಗೆತ್ತಿಕೊಳ್ಳಬೇಕು.

ತಂದೆತಾಯಿಗಳಲ್ಲಿ ಒಂದು ಮಾತು. ನೆಲೆ ನಿಂತ ಮಗಳೋ ಮಗನೋ ಕೆಲಸ ಬಿಟ್ಟು ವೈದ್ಯಕೀಯ ಓದುತ್ತೇನೆಂದರೆ ವಯಸ್ಸಿನ ಲೆಕ್ಕ ಆಮೇಲೆ ಮಾಡಿ. ರೋಗಿಗಳ ಜೊತೆ ಎಷ್ಟು ಸಮಯ ಕಳೆದಿದ್ದೀಯ ಎಂದು ಮೊದಲು ಕೇಳಿ. ಉತ್ತರ ಗಟ್ಟಿಯಾಗಿದ್ದರೆ ಅವರ ಬೆನ್ನಿಗೆ ನಿಲ್ಲಿ.